ವಿಚಾರಣೆ ಮಾಡುವ ಮೇಷ್ಟ್ರು



ತಪಸ್ಸುಕಾಲದ ಐದನೇ ವಾರದ ಸೋಮವಾರ ಬಲಿಪೂಜೆಯಲ್ಲಿ ಓದುವ ಮೊದಲ ವಾಚನ ಬಹಳ ಉದ್ದ. ಪೂಜೆ ಮುಗಿಸಿ ಅತ್ತಿಬೆಲೆ ಕಡೆಗೆ ಕಂಪನಿ ಬಸ್ಸು ಹಿಡಿಯಬೇಕಾದವರು ಎರಡು ಸಲ ಗಡಿಯಾರ ನೋಡುವಷ್ಟು ಉದ್ದ. ದಾನಿಯೇಲನ ಗ್ರಂಥದ ಹದಿಮೂರನೇ ಅಧ್ಯಾಯ, ಸುಸನ್ನಳ ಕಥೆ. ಜನರಿಗೆ ನ್ಯಾಯ ಹೇಳುವ ಇಬ್ಬರು ಹಿರಿಯರು ಒಬ್ಬ ನಿರಪರಾಧಿ ಹೆಣ್ಣುಮಗಳ ಮೇಲೆ ಸುಳ್ಳು ಹೊರಿಸುತ್ತಾರೆ. ಹೇಳಿದವರು ದೊಡ್ಡವರು, ಆದ್ದರಿಂದ ಸಭೆ ನಂಬಿಬಿಡುತ್ತದೆ. ಅವಳನ್ನು ಕೊಲ್ಲಲು ಕರೆದೊಯ್ಯುವಾಗ ದಾನಿಯೇಲ ಎಂಬ ಹುಡುಗ ಅಡ್ಡ ಬರುತ್ತಾನೆ. ಇಬ್ಬರನ್ನೂ ದೂರ ದೂರ ನಿಲ್ಲಿಸಿ ಒಂದೇ ಪ್ರಶ್ನೆ ಕೇಳುತ್ತಾನೆ: ಯಾವ ಮರದ ಕೆಳಗೆ ನೋಡಿದಿರಿ? ಒಬ್ಬ ಒಂದು ಮರದ ಹೆಸರು ಹೇಳುತ್ತಾನೆ, ಇನ್ನೊಬ್ಬ ಬೇರೊಂದು ಮರದ ಹೆಸರು. ಸುಸನ್ನ ಉಳಿದಳು.

ಈ ಬಾರಿ ಆ ವಾಚನ ಕೇಳುವಾಗ ನನಗೆ ತಲೆ ಎತ್ತಿ ಕೂರಲಾಗಲಿಲ್ಲ. ಕಾರಣ ಹೇಳಿಯೇ ಮುಂದೆ ಹೋಗಬೇಕು.

ಕಳೆದ ವರ್ಷ ನಮ್ಮ ಯುವಜನರ ಗುಂಪಿನ ಒಬ್ಬ ಹುಡುಗಿಯ ಫೋಟೋವನ್ನು ಯಾರೋ ಕೆಟ್ಟದಾಗಿ ತಿದ್ದಿ ವಾಟ್ಸ್‌ಆ್ಯಪ್‌ನಲ್ಲಿ ಹರಿಬಿಟ್ಟರು. ನಿಮ್ಮಲ್ಲಿ ಅನೇಕರಿಗೆ ಗೊತ್ತಿರುವ ವಿಷಯವೇ. ಆ ಹುಡುಗಿಯನ್ನೂ ಅವಳ ತಂದೆತಾಯಿಯನ್ನೂ ಕೇಳಿ, ಬರೆ ಎಂದ ಮೇಲೆಯೇ ಬರೆಯುತ್ತಿದ್ದೇನೆ. ಭಾನುವಾರ ಕನ್ನಡ ಪೂಜೆ ಮುಗಿದ ಮೇಲೆ ನಾಲ್ಕೈದು ಜನ ಹಿರಿಯರು ನನ್ನನ್ನು ಕರೆದರು. "ನೀನು ಕಂಪ್ಯೂಟರ್ ಓದಿದವಳಲ್ಲವಾ ಮಗಳೇ, ಯಾರು ಮಾಡಿದ್ದು ಅಂತ ನೋಡಿ ಹೇಳು. ಪೊಲೀಸು ಗಿಲೀಸು ಅಂತ ಹೋದರೆ ಹುಡುಗಿ ಹೆಸರು ಬೀದಿಗೆ ಬರುತ್ತೆ" ಎಂದರು. ನಾನು ಒಪ್ಪಿಕೊಂಡೆ. ಸ್ವಲ್ಪ ಹೆಮ್ಮೆಯೂ ಆಯಿತು ಎಂಬುದನ್ನು ಮುಚ್ಚಿಡುವುದಿಲ್ಲ. ಬಿ.ಎಸ್ಸಿ. ಮುಗಿಸಿ ಮೂರು ವರ್ಷವಾದರೂ ಧರ್ಮಕೇಂದ್ರದಲ್ಲಿ ಯಾರೂ ನನ್ನ ಓದನ್ನು ಅಷ್ಟು ಗಂಭೀರವಾಗಿ ಕೇಳಿರಲಿಲ್ಲ.

ಹುಡುಗರೆಲ್ಲ ಫೋನ್ ಕೊಟ್ಟರು. ಕೇಳಿದವರು ಪೊಲೀಸರಾಗಿದ್ದರೆ ಕೊಡುತ್ತಿರಲಿಲ್ಲ, ಕೇಳಿದ್ದು ಅಕ್ಕ. ಒಬ್ಬನ ಫೋನಿನಲ್ಲಿ ಆ ಚಿತ್ರ ಸಿಕ್ಕಿತು. ನಮ್ಮ ಗುಂಪಿಗೆ ಬಂದ ದಿನಕ್ಕಿಂತ ಒಂದು ದಿನ ಹಿಂದಿನ ತಾರೀಖು ಅದರ ಮೇಲಿತ್ತು. ಹಿರಿಯರ ಮುಂದೆ ನಾನು ಹೇಳಿದ್ದು ಇಷ್ಟೇ: "ಇವನ ಫೋನಿನಲ್ಲಿ ಒಂದು ದಿನ ಮೊದಲೇ ಇತ್ತು." ಆ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ. ಕೇಳಿದವರಿಗೆ ಮಾತ್ರ "ಇವನೇ ಮಾಡಿದ್ದು" ಎಂದು ಕೇಳಿಸಿತು. ಹಾಗೆ ಕೇಳಿಸಿತೆಂದು ಅವರ ಮುಖ ನೋಡಿದಾಗಲೇ ನನಗೆ ಗೊತ್ತಾಯಿತು. ನಾನು ತಿದ್ದಲಿಲ್ಲ.

ಆಮೇಲೆ ತಿಳಿದದ್ದು: ಅವನ ಕಾಲೇಜಿನ ಇನ್ನೊಂದು ಗುಂಪಿಗೆ ಯಾರೋ ಅದನ್ನು ಹಿಂದಿನ ದಿನ ಕಳಿಸಿದ್ದರು. ಫೋನು ತಾನಾಗಿಯೇ ಇಳಿಸಿಕೊಂಡಿತ್ತು. ಅವನು ತೆರೆದೂ ನೋಡಿರಲಿಲ್ಲ. ವಾಟ್ಸ್‌ಆ್ಯಪ್‌ನಿಂದ ಬಂದ ಚಿತ್ರದ ಹೆಸರಿನಲ್ಲಿ ತಾರೀಖಿನ ಪಕ್ಕ 'ಡಬ್ಲ್ಯೂ ಎ' ಎಂಬ ಎರಡು ಅಕ್ಷರ ಇರುತ್ತವೆ. ಫೋನಿನಲ್ಲೇ ತಯಾರಾದ ಚಿತ್ರಕ್ಕೆ ಅದು ಇರುವುದಿಲ್ಲ. ನನ್ನ ಕಣ್ಣ ಮುಂದೆಯೇ ಇತ್ತು. ಯಾವ ಗುಂಪಿನಲ್ಲಿ, ಯಾರಿಂದ ಬಂದಿದೆ ಎಂದು ಚಾಟ್ ತೆರೆದು ನೋಡಲು ಅರ್ಧ ನಿಮಿಷ ಸಾಕಿತ್ತು. ಎರಡು ವಾರದ ಮೇಲೆ ಹುಡುಗಿಯ ಅಪ್ಪ ಧೈರ್ಯ ಮಾಡಿ ಸೈಬರ್ ಪೊಲೀಸರಿಗೆ ದೂರು ಕೊಟ್ಟರು. ಮಾಡಿದವನು ಸಿಕ್ಕ, ಅವನು ನಮ್ಮ ಧರ್ಮಕೇಂದ್ರದವನೇ ಅಲ್ಲ. ಅಷ್ಟರಲ್ಲಿ ನಾನು ಬೆರಳು ತೋರಿಸಿದ ಹುಡುಗ ಗಾಯನವೃಂದ ಬಿಟ್ಟಿದ್ದ. ಕನ್ನಡ ಪೂಜೆಗೂ ಬರುತ್ತಿರಲಿಲ್ಲ. ತಮಿಳು ಪೂಜೆಗೆ ಬಂದು ಹಿಂದಿನ ಸಾಲಿನಲ್ಲಿ ನಿಂತು ಹೋಗುತ್ತಿದ್ದ.

ಪಾಪನಿವೇದನೆ ಮಾಡಿದೆ. ಫಾದರ್ ಸಮಾಧಾನ ಹೇಳಿದರು. ಆದರೂ ಒಂದು ಪ್ರಶ್ನೆ ಉಳಿಯಿತು. ಕಲಿಸುವವರನ್ನು ಮಕ್ಕಳು ನಂಬುತ್ತಾರೆ. ಪತ್ತೆ ಮಾಡುವವರು ಎಲ್ಲರನ್ನೂ ಸಂಶಯದಿಂದ ನೋಡಬೇಕಾಗುತ್ತದೆ. ಈ ಎರಡು ಕೆಲಸ ಒಬ್ಬರೇ ಮಾಡಬಹುದೇ? ಅಥವಾ ನಾನು ತಪ್ಪಿದ್ದು ಆ ಜಾಗದಲ್ಲಿ ನಿಂತದ್ದಕ್ಕೋ, ನಿಂತ ಮೇಲೆ ನಡೆದುಕೊಂಡ ರೀತಿಗೋ? ಇದನ್ನೇ ವೃತ್ತಿಯಾಗಿ ಮಾಡುವ ಪ್ರಾಧ್ಯಾಪಕರು ಲೋಕದಲ್ಲಿ ಇದ್ದಾರೆ. ಬೆಳಿಗ್ಗೆ ತರಗತಿಯಲ್ಲಿ ಪಾಠ, ಮಧ್ಯಾಹ್ನ ಪೊಲೀಸರು ತಂದ ಕಂಪ್ಯೂಟರಿನ ಪರೀಕ್ಷೆ, ಮರುದಿನ ನ್ಯಾಯಾಲಯದಲ್ಲಿ ಸಾಕ್ಷಿ. ಅವರು ಹೇಗೆ ಮಾಡುತ್ತಾರೆ ಎಂದು ಓದತೊಡಗಿದೆ.

ಹೆಚ್ಚು ಹಿಡಿಸಿದವರು ಅಮೆರಿಕದ ಹ್ಯಾನಿ ಫರೀದ್. 1999ರಿಂದ ಇಪ್ಪತ್ತು ವರ್ಷ ಡಾರ್ಟ್‌ಮತ್ ಕಾಲೇಜಿನಲ್ಲಿ ಕಂಪ್ಯೂಟರ್ ವಿಜ್ಞಾನ ಕಲಿಸಿದರು. 2019ರಿಂದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿಯಲ್ಲಿದ್ದಾರೆ. ಡಿಜಿಟಲ್ ಫೋಟೋ ನಿಜವೋ ತಿದ್ದಿದ್ದೋ ಎಂದು ಪತ್ತೆ ಮಾಡುವ ವಿದ್ಯೆಯನ್ನು ಕಟ್ಟಿದವರಲ್ಲಿ ಅವರು ಪ್ರಮುಖರು. ಈ ದಾರಿಗೆ ಬಂದದ್ದು ಆಕಸ್ಮಿಕ. 1997ರಲ್ಲಿ ಗ್ರಂಥಾಲಯದಲ್ಲಿ ಪುಸ್ತಕ ತೆಗೆದುಕೊಳ್ಳಲು ಕಾಯುತ್ತಾ ನಿಂತಾಗ, ಯಾರೋ ಹಿಂದಿರುಗಿಸಿದ್ದ ಒಂದು ಪುಸ್ತಕ ಕಣ್ಣಿಗೆ ಬಿತ್ತು: ಅಮೆರಿಕದ ಒಕ್ಕೂಟ ನ್ಯಾಯಾಲಯಗಳ ಸಾಕ್ಷ್ಯ ನಿಯಮಗಳು. ತಿರುವಿ ಹಾಕಿದರು. ಕಂಪ್ಯೂಟರಿನಲ್ಲಿರುವ ಮಾಹಿತಿಯ ಸರಿಯಾದ ಮುದ್ರಿತ ಪ್ರತಿಯನ್ನೂ 'ಮೂಲ' ಎಂದೇ ಸ್ವೀಕರಿಸಬಹುದು ಎಂದು ಅದರಲ್ಲಿತ್ತು. ಫಿಲ್ಮ್ ರೋಲ್‌ನ ಫೋಟೋಗೆ ನೆಗೆಟಿವ್ ಎಂಬ ಒಂದು ಹಿಡಿತವಾದರೂ ಇತ್ತು. ಡಿಜಿಟಲ್ ಚಿತ್ರವನ್ನು ಯಾರು ಬೇಕಾದರೂ ತಿದ್ದಬಹುದಲ್ಲ, ನಾಳೆ ಇದೇ ಸಾಕ್ಷಿಯಾಗಿ ಒಬ್ಬನಿಗೆ ಶಿಕ್ಷೆಯಾದರೆ? ಆ ಚಿಂತೆಯಿಂದ ಒಂದು ಶಾಸ್ತ್ರವೇ ಬೆಳೆಯಿತು.

2002ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿನ ಒಂದು ತೀರ್ಪಿನಿಂದ ಈ ಚಿಂತೆ ಬೇರೆಯೇ ರೂಪ ಪಡೆಯಿತು. ನಿಜವಾದ ಮಗುವಿಲ್ಲದೆ ಪೂರ್ತಿಯಾಗಿ ಕಂಪ್ಯೂಟರಿನಲ್ಲೇ ತಯಾರಿಸಿದ ಅಶ್ಲೀಲ ಚಿತ್ರವನ್ನು ಅದೇ ಕಾನೂನಿನಡಿ ನಿಷೇಧಿಸಲಾಗದು ಎಂದಿತು ಆ ತೀರ್ಪು. ಅಲ್ಲಿಂದ ಮುಂದೆ ಮಕ್ಕಳ ಮೇಲೆ ದೌರ್ಜನ್ಯ ಮಾಡಿದ ಚಿತ್ರಗಳೊಡನೆ ಸಿಕ್ಕಿಬಿದ್ದವರು "ಇದು ಕಂಪ್ಯೂಟರ್ ಚಿತ್ರ, ಇಲ್ಲಿ ಮಗುವೇ ಇಲ್ಲ" ಎಂದು ವಾದಿಸಬಹುದಾಯಿತು. ಹಾಗಾದರೆ ಆ ಮಗು ಇದೆಯೋ ಇಲ್ಲವೋ ಎಂದು ಯಾರಾದರೂ ಹೇಳಬೇಕು. ಮೇಷ್ಟರ ವಿದ್ಯೆ ಪೊಲೀಸರಿಗೆ ಬೇಕಾದದ್ದು ಹೀಗೆ.

2009ರಲ್ಲಿ ಮೈಕ್ರೋಸಾಫ್ಟ್ ಕಂಪನಿಯ ಜೊತೆ ಸೇರಿ ಅವರು 'ಫೋಟೋಡಿಎನ್ಎ' ಎಂಬ ವಿಧಾನ ರೂಪಿಸಿದರು. ಅದು ಕೆಲಸ ಮಾಡುವ ರೀತಿ ನಮ್ಮ ಹೆಬ್ಬೆಟ್ಟಿನ ಗುರುತಿನ ಹಾಗೆ. ಚಿತ್ರದ ಬಣ್ಣ ತೆಗೆದು ಕಪ್ಪು ಬಿಳುಪು ಮಾಡಿ, ಒಂದೇ ಅಳತೆಗೆ ತಂದು, ಚಿಕ್ಕ ಚಿಕ್ಕ ಚೌಕಗಳಾಗಿ ಒಡೆಯುತ್ತಾರೆ. ಪ್ರತಿ ಚೌಕದಲ್ಲಿ ಬೆಳಕು ಎಲ್ಲಿಂದ ಎಲ್ಲಿಗೆ ಬದಲಾಗುತ್ತದೆ ಎಂಬುದನ್ನು ಸಂಖ್ಯೆಗಳಾಗಿ ಬರೆಯುತ್ತಾರೆ. ಆ ಸಂಖ್ಯೆಗಳ ಸಾಲೇ ಚಿತ್ರದ ಗುರುತು. ಚಿತ್ರವನ್ನು ಸ್ವಲ್ಪ ಚಿಕ್ಕದು ಮಾಡಿದರೂ, ಬಣ್ಣ ಬದಲಿಸಿದರೂ ಗುರುತು ಹೊಂದುತ್ತದೆ. ಕಾಣೆಯಾದ ಹಾಗೂ ಶೋಷಣೆಗೆ ಒಳಗಾದ ಮಕ್ಕಳಿಗಾಗಿ ಅಲ್ಲಿರುವ ರಾಷ್ಟ್ರೀಯ ಕೇಂದ್ರಕ್ಕೆ ಈ ವಿಧಾನವನ್ನು ದಾನವಾಗಿ ಕೊಡಲಾಯಿತು. ಗೊತ್ತಿರುವ ಕೆಟ್ಟ ಚಿತ್ರ ಮತ್ತೆ ಯಾರಾದರೂ ಹಾಕಿದರೆ, ಮನುಷ್ಯರು ಯಾರೂ ನೋಡದೆಯೇ ಯಂತ್ರ ಹಿಡಿಯುತ್ತದೆ. ನೊಂದ ಮಗುವನ್ನು ಮತ್ತೆ ಮತ್ತೆ ಯಾರ ಕಣ್ಣಿಗೂ ಒಡ್ಡಬೇಕಾಗಿಲ್ಲ. 2019ರಿಂದ ಆ ಕೇಂದ್ರದ ಮಾಹಿತಿ ಒಪ್ಪಂದದ ಪ್ರಕಾರ ನಮ್ಮ ದೇಶದ ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋಗೂ ಬರುತ್ತದೆ, ಅಲ್ಲಿಂದ ರಾಜ್ಯಗಳ ಪೊಲೀಸರಿಗೆ ಹೋಗುತ್ತದೆ.

ಧರ್ಮಸಭೆಯ ಮಕ್ಕಳಾದ ನಾವು ಈ ವಿಷಯದಲ್ಲಿ ತಲೆ ತಗ್ಗಿಸಿ ಕಲಿಯಬೇಕಾದವರು. ಮಕ್ಕಳಿಗಾದ ಅನ್ಯಾಯವನ್ನು ನಮ್ಮವರೇ ಮುಚ್ಚಿಟ್ಟ ಕಾಲ ಇತ್ತು, "ಹೆಸರು ಬೀದಿಗೆ ಬರುತ್ತೆ" ಎಂಬ ಅದೇ ಮಾತಿನಿಂದ. 2017ರ ಅಕ್ಟೋಬರ್‌ನಲ್ಲಿ ರೋಮಿನ ಗ್ರೆಗೋರಿಯನ್ ವಿಶ್ವವಿದ್ಯಾಲಯದಲ್ಲಿ ಡಿಜಿಟಲ್ ಲೋಕದಲ್ಲಿ ಮಕ್ಕಳ ಘನತೆಯ ಬಗ್ಗೆ ಸಮ್ಮೇಳನ ನಡೆದಾಗ ಜಗದ್ಗುರು ಪೋಪ್ ಫ್ರಾನ್ಸಿಸ್ ಅದರಲ್ಲಿ ಭಾಗವಹಿಸಿದವರನ್ನು ಬರಮಾಡಿಕೊಂಡು ಮಾತನಾಡಿದರು. ಆದ್ದರಿಂದ "ಮೇಷ್ಟರಿಗೆ ಯಾಕೆ ಪೊಲೀಸ್ ಕೆಲಸ, ಪಾಠ ಮಾಡಿಕೊಂಡಿರಲಿ" ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ಗೊತ್ತಿದ್ದೂ ಕೈಕಟ್ಟಿ ಕೂತರೆ ಅದು ಗಾಯಗೊಂಡವನನ್ನು ನೋಡಿ ದಾರಿಯ ಆಚೆ ಬದಿಗೆ ಸರಿದುಹೋದ ಯಾಜಕನ ನಡತೆ.

ಆದರೆ ಫರೀದ್ ಅವರ ಕೆಲಸದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಇದಕ್ಕಿಂತ ಚಿಕ್ಕ ಸಂಗತಿ. ಅಮೆರಿಕದ ಮೊದಲ ಕಥೋಲಿಕ ಅಧ್ಯಕ್ಷ ಜಾನ್ ಕೆನಡಿ 1963ರ ನವೆಂಬರ್ 22ರಂದು ಗುಂಡಿಗೆ ಬಲಿಯಾದದ್ದು ನಮ್ಮ ಅಜ್ಜಂದಿರ ಕಾಲದ ಸುದ್ದಿ. ಆರೋಪಿ ಲೀ ಹಾರ್ವಿ ಆಸ್ವಾಲ್ಡ್ ಎರಡೇ ದಿನದಲ್ಲಿ, ವಿಚಾರಣೆಗೆ ಮೊದಲೇ ಕೊಲೆಯಾದ. ಅವನು ಹಿತ್ತಲಲ್ಲಿ ಬಂದೂಕು ಹಿಡಿದು ನಿಂತ ಫೋಟೋ ಒಂದಿದೆ. ಅದು ನಕಲಿ ಎಂದು ಅವನೇ ಹೇಳಿದ್ದ. ಮೂಗಿನ ಕೆಳಗಿನ ನೆರಳು ಒಂದು ದಿಕ್ಕಿಗೆ, ನೆಲದ ಮೇಲಿನ ನೆರಳು ಇನ್ನೊಂದು ದಿಕ್ಕಿಗೆ ಬಿದ್ದಿದೆ, ಎರಡು ಫೋಟೋ ಅಂಟಿಸಿದ್ದಾರೆ ಎಂದು ದಶಕಗಳ ಕಾಲ ಜನ ವಾದಿಸಿದರು. ನೋಡಿದರೆ ನಮಗೂ ಹಾಗೇ ಕಾಣುತ್ತದೆ. 2009ರಲ್ಲಿ ಫರೀದ್ ಕಂಪ್ಯೂಟರಿನಲ್ಲಿ ಅವನ ತಲೆಯನ್ನೂ ಹಿತ್ತಲನ್ನೂ ಮೂರು ಆಯಾಮದಲ್ಲಿ ಕಟ್ಟಿ, ಒಂದೇ ಸೂರ್ಯನಿಂದ ಎರಡೂ ನೆರಳು ಹಾಗೆಯೇ ಬೀಳುತ್ತವೆ ಎಂದು ತೋರಿಸಿದರು. ನೆರಳಿನ ವಿಷಯದಲ್ಲಿ ನಮ್ಮ ಕಣ್ಣು ಮೋಸಹೋಗುತ್ತದೆ.

ಅವರು ಅಲ್ಲಿಗೆ ನಿಲ್ಲಿಸಿದರು. ಕೆನಡಿಯನ್ನು ಕೊಂದವನು ಇವನೇ ಎಂದು ಆ ಲೆಕ್ಕದಿಂದ ಹೇಳಲಿಲ್ಲ. ಒಳಸಂಚು ಇತ್ತು ಎಂದೂ, ಇರಲಿಲ್ಲ ಎಂದೂ ಹೇಳಲಿಲ್ಲ. ನೆರಳು ಎಷ್ಟು ಹೇಳುತ್ತದೋ ಅಷ್ಟು. ನನಗೆ ನನ್ನ "ಒಂದು ದಿನ ಮೊದಲೇ ಇತ್ತು" ಎಂಬ ಮಾತು ನೆನಪಾಯಿತು.

ಜ್ಞಾನೋಪದೇಶದಲ್ಲಿ ಎಂಟನೇ ಕಟ್ಟಳೆಯನ್ನು "ಸುಳ್ಳು ಹೇಳಬಾರದು" ಎಂದು ಚಿಕ್ಕದಾಗಿ ಕಲಿತಿದ್ದೇವೆ, ಮಕ್ಕಳಿಗೂ ಹಾಗೇ ಕಲಿಸುತ್ತೇನೆ. ಬೈಬಲಿನಲ್ಲಿ ಆ ಕಟ್ಟಳೆ ನೆರೆಯವನ ವಿರುದ್ಧ ಸುಳ್ಳುಸಾಕ್ಷಿ ಹೇಳುವ ಬಗ್ಗೆ ಇದೆ, ನ್ಯಾಯಸಭೆಯ ಮಾತು ಅದು. ಒಬ್ಬ ಮನುಷ್ಯ ಕಟಕಟೆಯಲ್ಲಿ ನಿಂತಿದ್ದಾನೆ, ನಿನ್ನ ಬಾಯಿಂದ ಬರುವ ಮಾತು ಅವನ ಬದುಕನ್ನು ತೀರ್ಮಾನಿಸುತ್ತದೆ. ಅಂಥ ಜಾಗದಲ್ಲಿ ಸುಳ್ಳು ಹೇಳದಿದ್ದರೂ ಕಂಡದ್ದಕ್ಕಿಂತ ಹೆಚ್ಚು ಹೇಳಿದರೆ, ಅಥವಾ ಕೇಳುವವರು ಹೆಚ್ಚು ತಿಳಿದುಕೊಂಡಾಗ ಸುಮ್ಮನಿದ್ದರೆ, ಕಟ್ಟಳೆ ಮುರಿದ ಹಾಗೆಯೇ. ಧರ್ಮಸಭೆಯ ಧರ್ಮೋಪದೇಶ ಗ್ರಂಥ ದುಡುಕಿನ ತೀರ್ಪನ್ನು ಇದೇ ಕಟ್ಟಳೆಯ ಕೆಳಗೆ ಪಾಪವೆಂದು ಹೇಳುವುದು ಅದಕ್ಕಾಗಿ. ನೆರೆಯವನ ನಡತೆಗೆ ಸಾಧ್ಯವಾದಷ್ಟು ಒಳ್ಳೆಯ ಅರ್ಥ ಕೊಡಬೇಕು ಎನ್ನುತ್ತದೆ ಅದು. ಪೊಲೀಸರಿಗೆ ಈ ಮಾತು ನಗು ತರಿಸಬಹುದು. ಆದರೆ ಮೇಷ್ಟರಿಗೆ ಇದು ಹೊಸದೇನಲ್ಲ. ಪ್ರಯೋಗಾಲಯದಲ್ಲಿ ನಮಗೆ ಹೇಳಿಕೊಟ್ಟದ್ದೂ ಅದೇ: ನಿನಗೆ ಅನಿಸಿದ ಉತ್ತರ ಬಿಟ್ಟು ಬೇರೆ ಯಾವ ಕಾರಣದಿಂದ ಈ ಫಲಿತಾಂಶ ಬಂದಿರಬಹುದು ನೋಡು, ಅದೆಲ್ಲ ಅಲ್ಲ ಎಂದಾದ ಮೇಲೆ ಬರೆ.

ಬೇರೆ ಕಾರಣ ನೋಡದಿದ್ದರೆ ಏನಾಗುತ್ತದೆ ಎಂಬುದಕ್ಕೆ 2022ರಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಬರೆದ ಪ್ರಕರಣ ನೋಡಿ. ಸ್ಯಾನ್ ಫ್ರಾನ್ಸಿಸ್ಕೋದ ಒಬ್ಬ ತಂದೆ, ಕೋವಿಡ್ ಕಾಲದಲ್ಲಿ, ತನ್ನ ಪುಟ್ಟ ಮಗನಿಗೆ ಸೋಂಕಾಗಿದ್ದ ಜಾಗದ ಫೋಟೋ ತೆಗೆದಿದ್ದ. ಆನ್‌ಲೈನ್‌ನಲ್ಲಿ ನೋಡುವ ವೈದ್ಯರಿಗೆ ಮೊದಲೇ ಕಳಿಸಲು ಆಸ್ಪತ್ರೆಯವರೇ ಹೇಳಿದ್ದರು. ಫೋಟೋ ಗೂಗಲ್ ಖಾತೆಗೂ ಹೋಯಿತು. ಯಂತ್ರ ಅದನ್ನು ದೌರ್ಜನ್ಯವೆಂದು ಊಹಿಸಿತು. ಇದು ಫರೀದ್ ಅವರ ಗುರುತು ಹೊಂದಿಸುವ ವಿಧಾನವಲ್ಲ, ಹೊಸ ಚಿತ್ರ ನೋಡಿ ಊಹಿಸುವ ಯಂತ್ರ. ಅವನ ಇಮೇಲ್, ಫೋನ್ ನಂಬರ್, ವರ್ಷಗಳ ಫೋಟೋಗಳು ಎಲ್ಲವೂ ಮುಚ್ಚಿಹೋದವು. ಪೊಲೀಸರು ತನಿಖೆ ಮಾಡಿ ಅಪರಾಧವೇ ಇಲ್ಲ ಎಂದರು. ಕಂಪನಿ ಖಾತೆ ತೆರೆಯಲಿಲ್ಲ. ಇಲ್ಲಿ ಅವನ ಮಾತು ಕೇಳಿದ್ದು ಪೊಲೀಸರು. ಕೇಳದೆ ಕೂತದ್ದು ಲೋಕದ ಅತಿ ಬುದ್ಧಿವಂತರು ಕೆಲಸ ಮಾಡುವ ಕಂಪನಿ.

ಈಗ ಇನ್ನೊಂದು ಬದಿ. ಪಿಟ್ಸ್‌ಬರ್ಗಿನ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯ ಕಂಪ್ಯೂಟರ್ ವಿದ್ಯೆಗೆ ದೊಡ್ಡ ಹೆಸರು. ಅದರ ಸಾಫ್ಟ್‌ವೇರ್ ಎಂಜಿನಿಯರಿಂಗ್ ಸಂಸ್ಥೆಗೆ ಅಮೆರಿಕದ ರಕ್ಷಣಾ ಇಲಾಖೆಯ ಹಣ ಬರುತ್ತದೆ. 'ಟಾರ್' ಎಂಬ ಜಾಲ ಇದೆ. ಅದರಲ್ಲಿ ಹೋದರೆ ನೀವು ಯಾರು, ಎಲ್ಲಿಂದ ಬಂದಿರಿ ಎಂದು ತಿಳಿಯುವುದು ಕಷ್ಟ. ಸರ್ವಾಧಿಕಾರಿಗಳ ದೇಶದಲ್ಲಿ ಪತ್ರಕರ್ತರು ಅದನ್ನು ಬಳಸುತ್ತಾರೆ, ಗಂಡನ ಹೊಡೆತಕ್ಕೆ ಹೆದರಿ ಅಡಗಿದ ಹೆಂಗಸರು ಬಳಸುತ್ತಾರೆ, ಮಾದಕದ್ರವ್ಯ ಮಾರುವವರೂ ಬಳಸುತ್ತಾರೆ. 2014ರ ಜನವರಿ ಕೊನೆಯಿಂದ ಜುಲೈ ಮೊದಲ ವಾರದವರೆಗೆ ಯಾರೋ ಆ ಜಾಲದೊಳಗೆ ತಮ್ಮ ಯಂತ್ರಗಳನ್ನು ಸೇರಿಸಿ ಬಳಕೆದಾರರ ಗುರುತು ಹಿಡಿಯಲು ಯತ್ನಿಸಿದ್ದರು ಎಂದು ಟಾರ್ ನಡೆಸುವವರು ಪ್ರಕಟಿಸಿದರು. ಅದೇ ಬೇಸಿಗೆಯಲ್ಲಿ, ಟಾರ್ ಬಳಸುವವರ ಗುರುತು ಹಿಡಿಯುವ ಬಗ್ಗೆ ಆ ಸಂಸ್ಥೆಯ ಸಂಶೋಧಕರು ಒಂದು ಸಮ್ಮೇಳನದಲ್ಲಿ ಮಾಡಬೇಕಿದ್ದ ಭಾಷಣ ಹಠಾತ್ತನೆ ರದ್ದಾಯಿತು. ಆಮೇಲೆ ಮಾದಕದ್ರವ್ಯದ ಒಂದು ಪ್ರಕರಣದಲ್ಲಿ, 2016ರ ಫೆಬ್ರವರಿಯಲ್ಲಿ, ಸಿಯಾಟಲ್‌ನ ನ್ಯಾಯಾಧೀಶರ ಆದೇಶದಿಂದ ವಿಷಯ ಹೊರಬಿತ್ತು: ಆರೋಪಿಯ ವಿಳಾಸ ಸಿಕ್ಕಿದ್ದು ಆ ಸಂಸ್ಥೆಯ ಸಂಶೋಧನೆಯಿಂದ, ತನಿಖಾಧಿಕಾರಿಗಳು ಅದನ್ನು ಕೋರ್ಟಿನ ಸಮನ್ಸ್ ಮೂಲಕ ಪಡೆದರು. ಹಣ ಕೊಟ್ಟು ಮಾಡಿಸಿದರು ಎಂದು ಟಾರ್ ಪಕ್ಷ ಆರೋಪಿಸಿತು. ಕಾನೂನಿನ ಸಮನ್ಸ್ ಬಂದರೆ ಪಾಲಿಸುತ್ತೇವೆ, ಅದಕ್ಕೆ ಹಣ ಪಡೆಯುವುದಿಲ್ಲ ಎಂಬರ್ಥದಲ್ಲಿ ವಿಶ್ವವಿದ್ಯಾಲಯ ಹೇಳಿತು.

ಮಾದಕದ್ರವ್ಯ ಮಾರುವವನು ಸಿಕ್ಕಿಬಿದ್ದದ್ದಕ್ಕೆ ನನಗೆ ದುಃಖವಿಲ್ಲ. ಆದರೆ ಆ ಬಲೆಯಲ್ಲಿ ಅವನೊಬ್ಬನೇ ಇರಲಿಲ್ಲ. ಅಡಗಿದ ಹೆಂಗಸು, ಹೆದರಿದ ಪತ್ರಕರ್ತ, ಯಾವ ಸಂಶಯಕ್ಕೂ ಒಳಗಾಗದ ಸಾಮಾನ್ಯರು ಎಲ್ಲರೂ ಆ ತಿಂಗಳುಗಳಲ್ಲಿ ಅದೇ ಜಾಲದಲ್ಲಿ ಓಡಾಡಿದರು. ಯಾರ ಮೇಲೆ ಸಂಶಯ ಎಂದು ನ್ಯಾಯಾಧೀಶರಿಗೆ ಮೊದಲು ಹೇಳಿ ಹುಡುಕುವುದು ಒಂದು. ಎಲ್ಲರನ್ನೂ ಹಿಡಿದು ಆಮೇಲೆ ಆರಿಸುವುದು ಇನ್ನೊಂದು. ನಾನು ಹುಡುಗರೆಲ್ಲರ ಫೋನ್ ತೆಗೆದುಕೊಂಡದ್ದೂ ಎರಡನೆಯ ರೀತಿಯೇ. ಒಬ್ಬನ ಫೋನಿನಲ್ಲಿ ಅವನ ಅಪ್ಪನ ಸಾಲದವರ ಮೆಸೇಜು ಇದ್ದವು, ಇನ್ನೊಬ್ಬನದರಲ್ಲಿ ಒಂದು ಪ್ರೇಮದ ಕಥೆ. ನೋಡಬಾರದ್ದನ್ನು ನೋಡಿದೆ. ಅಕ್ಕ ಎಂದು ಕೊಟ್ಟದ್ದನ್ನು ತೆಗೆದುಕೊಂಡು ಪೊಲೀಸಿನ ಹಾಗೆ ಬಳಸಿದೆ.

ಇದಕ್ಕೆ ಹಳೆಯದೊಂದು ಉದಾಹರಣೆ ಇದೆ, ಓದಿದಾಗ ನನಗೇ ಆಶ್ಚರ್ಯವಾಯಿತು. ಸುಮಾರು ಕ್ರಿ.ಶ. 420ರಲ್ಲಿ ಕೊನ್ಸೆಂಟಿಯಸ್ ಎಂಬುವನು ಸಂತ ಅಗಸ್ಟೀನರಿಗೆ ಒಂದು ಸಮಸ್ಯೆ ಒಪ್ಪಿಸಿದ. ಪ್ರಿಸಿಲಿಯನ್ ಪಂಥದವರು ತಮ್ಮ ನಂಬಿಕೆಯನ್ನು ಸುಳ್ಳು ಹೇಳಿ ಮುಚ್ಚಿಡುತ್ತಾರೆ. ಅವರನ್ನು ಪತ್ತೆ ಹಚ್ಚಲು ಕಥೋಲಿಕರು ತಾವೂ ಅದೇ ಪಂಥದವರೆಂದು ನಟಿಸಿ ಒಳಗೆ ಸೇರಬಹುದೇ? ಇಂದು ಸೈಬರ್ ತನಿಖೆಯಲ್ಲಿ ದಿನನಿತ್ಯ ಬರುವ ಪ್ರಶ್ನೆ ಇದೇ. ಅಗಸ್ಟೀನರು ಇದಕ್ಕೆ ಒಂದು ಗ್ರಂಥವನ್ನೇ ಬರೆದು, ಆಗದು ಎಂದರು. ಸುಳ್ಳನ್ನು ಹಿಡಿಯಲು ಸುಳ್ಳು ಹೇಳಿದರೆ ಹಿಡಿದ ಮೇಲೆ ಅವನಿಗೆ ಏನೆಂದು ಕಲಿಸುವುದು, ಅವನು ನಮ್ಮ ಮಾತನ್ನು ಹೇಗೆ ನಂಬುವುದು ಎಂಬ ದಾರಿಯಲ್ಲಿ ಅವರ ವಾದ ಹೋಗುತ್ತದೆ. ಅಗಸ್ಟೀನರು ಸ್ವತಃ ಪಾಠ ಹೇಳುವ ಮೇಷ್ಟರಾಗಿದ್ದವರು ಎಂಬುದು ನೆನಪಿರಲಿ.

ಇಷ್ಟು ಕಟ್ಟುನಿಟ್ಟು ಇಂದು ಸಾಧ್ಯವೇ? ಮಕ್ಕಳನ್ನು ಬಲೆಗೆ ಬೀಳಿಸುವವನ ಮುಂದೆ ಹದಿಮೂರರ ಹುಡುಗಿಯಂತೆ ನಟಿಸಿ ಕೂತ ಪೊಲೀಸ್ ಅಧಿಕಾರಿಯನ್ನು ಪಾಪಿ ಎನ್ನಲು ನನ್ನ ನಾಲಿಗೆ ಏಳುವುದಿಲ್ಲ. ಇದರ ಬಗ್ಗೆ ನಮ್ಮ ಫಾದರ್ ಜೊತೆ ಒಂದು ಸಂಜೆ ವಾದವೇ ಆಯಿತು, ಅವರು ಅಗಸ್ಟೀನರ ಪಕ್ಷ. ಆದರೆ ಮೇಷ್ಟರ ವಿಷಯದಲ್ಲಿ ನಾನೂ ಅಗಸ್ಟೀನರ ಪಕ್ಷವೇ. ಪೊಲೀಸರು ಸಮವಸ್ತ್ರ ಬಿಚ್ಚಿ ವೇಷ ಹಾಕಿದರೆ ಮರುದಿನ ಮತ್ತೆ ಸಮವಸ್ತ್ರ ಹಾಕಬಹುದು. ಮೇಷ್ಟರಿಗೆ ಸಮವಸ್ತ್ರವೇ ನಂಬಿಕೆ. ತನ್ನ ವಿದ್ಯಾರ್ಥಿಗಳನ್ನು, ತನ್ನನ್ನು ನಂಬಿದವರನ್ನು ಗುಟ್ಟಾಗಿ ಒಪ್ಪಿಸಿದ ಮೇಲೆ ಆ ತರಗತಿಯಲ್ಲಿ ಮತ್ತೆ ಪಾಠ ನಡೆಯುವುದಿಲ್ಲ.

ನಮ್ಮ ದೇಶದಲ್ಲೂ ಈ ವಿದ್ಯೆ ಬಲ್ಲವರ ಮಾತಿಗೆ ತೂಕ ಹೆಚ್ಚಿದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಕಾರ ಡಿಜಿಟಲ್ ಸಾಕ್ಷ್ಯದ ಜೊತೆ ಕೊಡುವ ಪ್ರಮಾಣಪತ್ರಕ್ಕೆ ತಜ್ಞರೂ ಸಹಿ ಹಾಕಬೇಕು, ಫೈಲಿನ 'ಹ್ಯಾಶ್' ಎಂಬ ಗುರುತುಸಂಖ್ಯೆ ಬರೆಯಬೇಕು. ಒಂದು ಅಕ್ಷರ ಬದಲಾದರೂ ಆ ಸಂಖ್ಯೆ ಬದಲಾಗುತ್ತದೆ. ಸಹಿ ಹಾಕುವ ಕೈ ಪೊಲೀಸರ ಕೈಯನ್ನೇ ನೋಡುತ್ತಿದ್ದರೆ ಆ ಸಂಖ್ಯೆಯಿಂದ ಏನು ಉಪಯೋಗ?

ಇಲ್ಲಿ ಸ್ಟ್ಯಾನ್ ಸ್ವಾಮಿಯವರನ್ನು ನೆನೆಯದೆ ಇರಲಾರೆ. ತಮಿಳುನಾಡಿನಲ್ಲಿ ಹುಟ್ಟಿ, ಬೆಂಗಳೂರಿನ ಇಂಡಿಯನ್ ಸೋಷಿಯಲ್ ಇನ್‌ಸ್ಟಿಟ್ಯೂಟ್‌ನಲ್ಲಿ ವರ್ಷಗಟ್ಟಲೆ ಕಲಿಸಿ, ಜಾರ್ಖಂಡಿನ ಆದಿವಾಸಿಗಳ ನಡುವೆ ಬದುಕಿದ ಯೇಸುಸಭೆಯ ಗುರು. 2020ರ ಅಕ್ಟೋಬರ್ 8ರಂದು, 83ನೇ ವಯಸ್ಸಿನಲ್ಲಿ, ಭೀಮಾ ಕೋರೆಗಾಂವ್ ಪ್ರಕರಣದಲ್ಲಿ ಬಂಧನವಾಯಿತು. ನಡುಗುವ ಕೈಯಿಂದ ನೀರು ಕುಡಿಯಲು ಸಿಪ್ಪರ್ ಬೇಕೆಂದು ಕೋರ್ಟಿಗೆ ಅರ್ಜಿ ಹಾಕಬೇಕಾಯಿತು. 2021ರ ಜುಲೈ 5ರಂದು, ಜಾಮೀನು ಸಿಗದೆಯೇ, ಮುಂಬಯಿಯ ಆಸ್ಪತ್ರೆಯಲ್ಲಿ ತೀರಿಕೊಂಡರು. ಅವರ ಕಂಪ್ಯೂಟರಿನಲ್ಲಿ ಸಿಕ್ಕ ಕಡತಗಳೂ ಸಾಕ್ಷ್ಯಗಳಲ್ಲಿ ಸೇರಿದ್ದವು. ಆರೋಪಿಗಳ ಪರ ವಕೀಲರ ಕೋರಿಕೆಯಂತೆ ಪರೀಕ್ಷಿಸಿದ ಅಮೆರಿಕದ ಆರ್ಸೆನಲ್ ಕನ್ಸಲ್ಟಿಂಗ್ ಸಂಸ್ಥೆ 2022ರ ಡಿಸೆಂಬರ್‌ನಲ್ಲಿ ಹೊರಬಂದ ವರದಿಯಲ್ಲಿ, ಹೊರಗಿನವರು ಯಾರೋ ಆ ಕಂಪ್ಯೂಟರಿಗೆ ನುಸುಳಿ ಕಡತಗಳನ್ನು ತಂದಿಟ್ಟಿದ್ದಾರೆ ಎಂದಿತು. ಈ ಸಂಸ್ಥೆಯ ನಿರ್ಣಯಗಳನ್ನು ತನಿಖಾ ಸಂಸ್ಥೆ ಒಪ್ಪಿಲ್ಲ. ಫಾದರ್ ಸ್ಟ್ಯಾನ್ ಬದುಕಿರುವಾಗ ನ್ಯಾಯಾಲಯದಲ್ಲಿ ಇದರ ಪರೀಕ್ಷೆ ನಡೆಯಲೇ ಇಲ್ಲ. ನಾನೂ ಕಂಡದ್ದಕ್ಕಿಂತ ಹೆಚ್ಚು ಹೇಳಬಾರದು. ಆದರೆ ಇಷ್ಟು ಹೇಳಬಹುದು: ಒಂದು ಕಡತ ಕಂಪ್ಯೂಟರಿನಲ್ಲಿ ಇರುವುದು ಬೇರೆ, ಅದನ್ನು ಅವರೇ ಇಟ್ಟುಕೊಂಡಿದ್ದರು ಎನ್ನುವುದು ಬೇರೆ. ಈ ವ್ಯತ್ಯಾಸ ಕೇಳುವ ವಿದ್ಯೆ ದೇಶದಲ್ಲಿ ಎಷ್ಟು ಜನರಿಗೆ ಬರುತ್ತದೋ ಅಷ್ಟು ಒಳ್ಳೆಯದು. ಅದಕ್ಕೇ ಮೇಷ್ಟರು ಪೊಲೀಸರಿಗೆ ಮಾಡಿಕೊಟ್ಟ ಪರೀಕ್ಷೆಯ ವಿಧಾನವನ್ನು ತರಗತಿಯಲ್ಲೂ ಹೇಳಿಕೊಡಬೇಕು. ಪೊಲೀಸರಾಗುವವರ ಜೊತೆಗೆ ಆರೋಪಿಯ ವಕೀಲರಾಗುವವರೂ ಕೂತು ಕಲಿಯಬೇಕು. ಕಳ್ಳರೂ ಕಲಿತುಬಿಟ್ಟರೆ ಎಂದು ಕೇಳುತ್ತೀರಿ. ಕಲಿಯುತ್ತಾರೆ, ಈಗಲೂ ಕಲಿಯುತ್ತಿದ್ದಾರೆ. ಬೀಗದ ಕೆಲಸ ಗುಟ್ಟಾಗಿಟ್ಟರೆ ತೊಂದರೆಯಾಗುವುದು ಮನೆಯವರಿಗೇ.

ನಮ್ಮ ಕನ್ನಡದಲ್ಲಿ ಧರ್ಮಕೇಂದ್ರದ ಗುರುವನ್ನು 'ವಿಚಾರಣಾ ಗುರು' ಎನ್ನುತ್ತೇವೆ. ತಮಿಳು ಗೆಳತಿಯೊಬ್ಬಳಿಗೆ ಇದನ್ನು ವಿವರಿಸುವಾಗ ನಗು ಬಂತು, ಪೊಲೀಸ್ ಠಾಣೆಯಲ್ಲಿ ನಡೆಯುವುದೂ ವಿಚಾರಣೆಯೇ ಅಲ್ಲವೇ ಎಂದಳು. ಹೌದು. ಮನೆಗೆ ಬಂದು "ಹೇಗಿದ್ದೀರಿ" ಎಂದು ವಿಚಾರಿಸುವುದಕ್ಕೂ ಅದೇ ಮಾತು. ನಾನು ಆ ಹುಡುಗನನ್ನು ವಿಚಾರಣೆ ಮಾಡಿದ್ದೆ, ವಿಚಾರಿಸಿರಲಿಲ್ಲ. "ಇದು ನಿನಗೆ ಎಲ್ಲಿಂದ ಬಂತಪ್ಪ" ಎಂಬ ಒಂದ ಪ್ರಶ್ನೆ ಅವನನ್ನೇ ಕೇಳಿದ್ದರೆ ಮುಗಿಯುತ್ತಿತ್ತು.

ಅವನ ಮನೆಗೆ ಹೋದೆ. ಮೊದಲ ಸಲ ಅವನು ಕೋಣೆಯಿಂದ ಹೊರಗೆ ಬರಲಿಲ್ಲ. ಅವನ ಅಮ್ಮ ಕಾಫಿ ಕೊಟ್ಟರು, ಏನೂ ಮಾತನಾಡಲಿಲ್ಲ. ಎರಡನೇ ಸಲ ಬಾಗಿಲಲ್ಲಿ ನಿಂತು ಕೇಳಿಸಿಕೊಂಡ. ಹಿರಿಯರ ಮುಂದೆಯೂ ನನ್ನ ತಪ್ಪು ಹೇಳಿದೆ. ಒಬ್ಬರು "ಆಗಿದ್ದು ಆಯಿತು ಬಿಡಮ್ಮ" ಎಂದರು, ಅದು ನನಗೆ ಸಮಾಧಾನ ತರಲಿಲ್ಲ.

ಪಾಸ್ಖದ ನಂತರ ಯುವಜನರಿಗೆ ಫೋನಿನ ಸುರಕ್ಷತೆಯ ಬಗ್ಗೆ ಒಂದು ತರಗತಿ ಇಟ್ಟೆವು. ಹಣ ಹೋದರೆ 1930ಕ್ಕೆ ಫೋನ್ ಮಾಡುವುದು, 'ಡಿಜಿಟಲ್ ಅರೆಸ್ಟ್' ಎಂಬುದು ಕಾನೂನಿನಲ್ಲೇ ಇಲ್ಲ ಎಂಬುದು, ಇಂಥವು. ಅವನು ಬಂದು ಕೊನೆಯ ಬೆಂಚಿನಲ್ಲಿ ಕೂತ. ಎಲ್ಲ ಮುಗಿದ ಮೇಲೆ ಕೈ ಎತ್ತಿದ. "ಅಕ್ಕಾ, ಅವತ್ತು ನನ್ನ ಫೋನಲ್ಲಿ ನೀವು ನೋಡಿದ ತಾರೀಖು ಏನದು? ಎಲ್ಲರಿಗೂ ಹೇಳಿ" ಎಂದ. ಕೋಣೆ ಸದ್ದಿಲ್ಲದಾಯಿತು. ಬೋರ್ಡಿನ ಮೇಲೆ ಫೈಲಿನ ಹೆಸರನ್ನು ಬರೆದೆ. ಯಾವುದು ತಾರೀಖು, ಯಾವುದು 'ಡಬ್ಲ್ಯೂ ಎ', ನಾನು ಎಲ್ಲಿ ನೋಡಲಿಲ್ಲ, ಏನು ಹೇಳಬಾರದಿತ್ತು ಎಂದು ಒಂದೊಂದಾಗಿ ಹೇಳಿದೆ. ಕೊನೆಯ ನಾಲ್ಕು ಅಂಕಿಗಳು ಏನೆಂದು ಹೇಳುವಾಗ ತಡವರಿಸಿದೆ. ಅವನು ಎದ್ದು ಬಂದು ಸೀಮೆಸುಣ್ಣ ತೆಗೆದುಕೊಂಡ.